ಅಳತೆಗೆ ಬಂದ ಬ್ಲೌಸು

ಯಾಸೀನ್ ಆ ಬ್ಲೌಸನ್ನು ಕದ್ದ ಎಂದು ಯಾರೂ ಹೇಳುವಂತಿಲ್ಲ. ಅದನ್ನು ಅವನ ಕೈಗೇ ತಂದು ಕೊಟ್ಟಿದ್ದರು, ಅವನ ಅಂಗಡಿಯ ಬೀರುವಿನಲ್ಲೇ ಅದು ಮೂರು ವಾರದಿಂದ ಮಲಗಿತ್ತು. ಆದರೂ ತಿಪಟೂರಿನ ಖಾಲಿ ಕೊಬ್ಬರಿ ಗೋಡೌನಿನಲ್ಲಿ, ಹಾರ್ಮೋನಿಯಂ ಮುಂದೆ, ಅದನ್ನು ತೊಟ್ಟು ಸೊಂಟ ಬಳುಕಿಸಿದ ಮೊದಲ ಸಂಜೆಯೇ ಇದು ಸರಿಯಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಳುಕಿಸುವುದನ್ನು ನಿಲ್ಲಿಸಲಿಲ್ಲ. ತಿಳಿಯದೆ ಮಾಡಿದ್ದರೆ ಅವನನ್ನು ಯಾರೂ ಏನೂ ಅನ್ನುವ ಹಾಗಿರಲಿಲ್ಲ. ಅವನು ತಿಳಿದೂ ತಿಳಿದೂ ಮಾಡಿದ.

ನಾಟಕದ ಹೆಸರು ‘ಕುಮುದಿನಿ ಸ್ವಯಂವರ’. ಊರಿಂದೂರಿಗೆ ಟೆಂಟು ಹೊತ್ತು ತಿರುಗುತ್ತಿದ್ದ ಯಾವುದೋ ಕಂಪನಿ ಅರವತ್ತು ವರ್ಷದ ಹಿಂದೆ ತಿಪಟೂರಿನಲ್ಲಿ ಇದನ್ನು ತಿಂಗಳುಗಟ್ಟಲೆ ಆಡಿತ್ತಂತೆ. ಮಾತಿಗಿಂತ ಹಾಡೇ ಹೆಚ್ಚು. ಆ ಕಂಪನಿಯಲ್ಲಿ ಮೀಸೆ ಮೂಡುವ ಮುಂಚೆ ಹೆಣ್ಣಿನ ಪಾತ್ರ ಕಟ್ಟುತ್ತಿದ್ದ ಚಿಕ್ಕರಂಗಯ್ಯ ಮೇಷ್ಟ್ರಿಗೆ ಈಗ ಎಪ್ಪತ್ತಾರು. ಕಣ್ಣು ಮುಚ್ಚುವುದರೊಳಗೆ ಅದನ್ನು ಇನ್ನೊಮ್ಮೆ ರಂಗಕ್ಕೆ ತರಬೇಕು, ಅದೂ ಆಗಿನ ಹಾಗೆಯೇ ಹೆಣ್ಣಿನ ಪಾತ್ರಗಳನ್ನೆಲ್ಲ ಗಂಡಸರೇ ಕಟ್ಟಬೇಕು ಎಂದು ಅವರು ಹಟ ಹಿಡಿದಿದ್ದರು. ರಾಜಕುಮಾರಿಯ ಪಾತ್ರಕ್ಕೆ ತುರುವೇಕೆರೆಯ ಸಂಗೀತದ ಮೇಷ್ಟ್ರೊಬ್ಬರು ಸಿಕ್ಕಿದರು. ಆರು ಜನ ಸಖಿಯರಿಗೆ ಊರೆಲ್ಲ ಜಾಲಾಡಿ ಆರು ಗಂಡಸರನ್ನು ಹಿಡಿದು ತಂದರು. ಸಖಿಯರಿಗೆ ಒಂದೂ ಸ್ವಂತ ಮಾತಿಲ್ಲ. ಆರೂ ಜನ ಒಟ್ಟಿಗೆ ಬರಬೇಕು, ಒಟ್ಟಿಗೆ ಹಾಡಬೇಕು, ಒಟ್ಟಿಗೆ ನಾಚಬೇಕು.

ಆ ಆರರಲ್ಲಿ ಯಾಸೀನ್ ಒಬ್ಬ. ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗುವ ಗಲ್ಲಿಯಲ್ಲಿ ಅವನದು ಲೇಡೀಸ್ ಟೈಲರ್ ಅಂಗಡಿ. ಅಪ್ಪ ಮೆಹಬೂಬ್ ಪಾಷಾ ಇಟ್ಟಿದ್ದು, ಅಪ್ಪ ಹೋದ ಮೇಲೆ ಹದಿನೆಂಟು ವರ್ಷದಿಂದ ಇವನೇ ನೋಡಿಕೊಳ್ಳುತ್ತಿದ್ದ. ಹೆಂಡತಿ ರುಕ್ಸಾನ ಪಕ್ಕದಲ್ಲಿ ಕೂತು ಕೈಹೊಲಿಗೆ ಹಾಕುತ್ತಿದ್ದಳು. ಹಗಲೆಲ್ಲ ಹೆಂಗಸರ ಬಟ್ಟೆ ಹೊಲಿಯುವವನಿಗೆ ಅದನ್ನು ತೊಟ್ಟು ನಿಂತರೆ ಹೇಗಿರುತ್ತದೆ ಎಂದು ನಲವತ್ತೊಂದು ವರ್ಷ ಯಾರೂ ಕೇಳಿರಲಿಲ್ಲ. ಮೇಷ್ಟ್ರು ಕೇಳಿದರು. ಮೊದಲ ದಿನ ಸೆರಗು ಹೊದ್ದು ನಾಲ್ಕು ಹೆಜ್ಜೆ ಹಾಕಿದಾಗ ಯಾಸೀನನ ಒರಟು ಮೈ ಹಗುರಾಗಿ, ತನ್ನದೇ ಒಂದು ನಡಿಗೆ ಹುಡುಕಿಕೊಂಡು ಹೊರಟಿತು. ಅವನಿಗೆ ಅದು ತುಂಬ ಇಷ್ಟವಾಯಿತು. ಇಷ್ಟವಾಯಿತು ಎಂದು ಹೇಳಿಕೊಳ್ಳಲು ನಾಚಿಕೆಯಾಗಿ, ‘ಮೇಷ್ಟ್ರ ಬಲವಂತ’ ಎಂದು ಎಲ್ಲರಿಗೂ ಹೇಳುತ್ತಿದ್ದ. ರುಕ್ಸಾನ ಮಾತ್ರ ನಂಬಲಿಲ್ಲ. ಮನೆಯ ಉರ್ದುವಿನಲ್ಲಿ, “ಬಲವಂತಕ್ಕೆ ಹೋಗೋರು ಹೀಗೆ ಐದು ಗಂಟೆಗೇ ಮುಖ ತೊಳೆದು ಕೂರಲ್ಲ” ಎಂದಳು.

ಇನ್ನು ಆ ಬ್ಲೌಸಿನ ವಿಷಯ. ಈ ಕಡೆಯ ಊರುಗಳಲ್ಲಿ ಗಂಡಸು ಟೈಲರು ಹೆಂಗಸರ ಮೈಮೇಲೆ ಟೇಪು ಹಿಡಿಯುವುದಿಲ್ಲ. ಸರಿಯಾಗಿ ಕೂರುವ ಹಳೆಯ ಬ್ಲೌಸೊಂದನ್ನು ಹೊಸ ಬಟ್ಟೆಯ ಜೊತೆ ಕೊಟ್ಟು ‘ಇದೇ ಅಳತೆಗೆ’ ಅಂದರೆ ಮುಗಿಯಿತು. ಅದಕ್ಕೆ ಅಳತೆ ಬ್ಲೌಸು ಎಂದೇ ಹೆಸರು. ಅದನ್ನು ಮೇಜಿನ ಮೇಲೆ ಹರಡಿ, ಗೆರೆ ಎಳೆದು, ಹೊಸ ಬಟ್ಟೆಗೆ ಕತ್ತರಿ ಹಾಕುವುದು. ಅಳತೆಯನ್ನು ಪುಸ್ತಕದಲ್ಲಿ ಬರೆದಿಡುವ ಪದ್ಧತಿಯೂ ಇಲ್ಲ. ಮೆಹಬೂಬ್ ಪಾಷಾ ಒಂದೊಂದು ಅಳತೆ ಬ್ಲೌಸನ್ನೂ ಪೇಪರಿನಲ್ಲಿ ಸುತ್ತಿ, ಹೆಸರು ಬರೆದು, ಬೀರುವಿನಲ್ಲಿಟ್ಟು ಬಾಗಿಲು ಹಾಕುತ್ತಿದ್ದ. ಹೆಂಗಸರ ಮೈಯ ಆಕಾರ ಬೀದಿಗೆ ಕಾಣಬಾರದು, ಅದು ನಮ್ಮನ್ನು ನಂಬಿ ನಮ್ಮ ಹತ್ತಿರ ಇಟ್ಟ ಅಮಾನತ್ತು ಎಂದು ಮಗನಿಗೆ ಹೇಳಿ ಹೇಳಿ ಕಿವಿ ತೂತು ಮಾಡಿದ್ದ.

ಹಾಲ್ಕುರಿಕೆ ರಸ್ತೆಯ ಸುವರ್ಣಮ್ಮನವರು ಅಪ್ಪನ ಕಾಲದಿಂದಲೂ ಇದೇ ಅಂಗಡಿಗೆ ಬರುತ್ತಿದ್ದವರು. ಕೊಬ್ಬರಿ ವ್ಯಾಪಾರದ ಮಲ್ಲಿಕಾರ್ಜುನಯ್ಯನವರ ಹೆಂಡತಿ. ಎತ್ತರದ, ತುಂಬಿದ ಮೈಯ, ನಕ್ಕರೆ ಪಕ್ಕದ ಅಂಗಡಿಗೂ ಕೇಳುವಂಥ ಹೆಂಗಸು. ಹಲವು ತಿಂಗಳಿಂದ ಯಾಕೋ ಕಂಡಿರಲಿಲ್ಲ. ಆಮೇಲೊಂದು ದಿನ ಅವರ ಮನೆಗೆಲಸದ ಪುಟ್ಟಗಂಗಮ್ಮ ಐದು ಹೊಸ ಬ್ಲೌಸ್ ಪೀಸುಗಳನ್ನೂ ಎಲೆಹಸಿರಿನ ಒಂದು ರೇಷ್ಮೆ ಬ್ಲೌಸನ್ನೂ ತಂದು ಮೇಜಿನ ಮೇಲಿಟ್ಟಳು.

“ಅಮ್ಮಾರು ಆಮ್ಯಾಕೆ ಅವರೇ ಬತ್ತಾರಂತೆ. ಅಲ್ಲೀಗಂಟ ಕತ್ರಿ ಆಕ್ಬ್ಯಾಡ ಅಂದವ್ರೆ.”

ಯಾಸೀನ್ ಪೊಟ್ಟಣದ ಮೇಲೆ ಸುವರ್ಣಮ್ಮನ ಹೆಸರು ಬರೆದು ಬೀರುವಿನೊಳಗಿಟ್ಟ.

ತಾಲೀಮಿನ ಎಂಟನೆಯ ದಿನ ಚಿಕ್ಕರಂಗಯ್ಯ ಮೇಷ್ಟ್ರು ಹಾರ್ಮೋನಿಯಂ ಮುಚ್ಚಿ ಆಜ್ಞೆ ಮಾಡಿದರು. “ನಾಳೆಯಿಂದ ಪ್ಯಾಂಟು ಶರಟಲ್ಲಿ ಯಾವನೂ ಬರಕೂಡದು. ಮುಖಕ್ಕೆ ಬಣ್ಣ ಬಳ್ಕೊಂಡು, ಸೀರೆ, ಬ್ಲೌಸು, ಎದೆಗೆ ಹತ್ತಿ, ಎಲ್ಲಾ ಕಟ್ಕೊಂಡೇ ಕುಣೀಬೇಕು. ಆ ಭಾರ ಮೈಗೆ ಅಭ್ಯಾಸ ಆಗ್ದೇ ಇದ್ರೆ ಸ್ಟೇಜ್ ಮೇಲೆ ಗಂಡಸರ ಥರಾನೇ ಕಾಣ್ತೀರಿ.”

“ಹತ್ತಿ ಯಾಕೆ ಮೇಷ್ಟ್ರೇ, ನಮ್ಮೂರಲ್ಲಿ ಕರಟಕ್ಕೇನು ಬರವೇ?” ಎಂದ ಮೆಕ್ಯಾನಿಕ್ ನವಾಜ್, ಅವನೂ ಒಬ್ಬ ಸಖಿ. ಮೇಷ್ಟ್ರು ಕೈಗೆ ಸಿಕ್ಕ ತಾಳ ಎಸೆದರು. ಅದು ಗೋಡೆಗೆ ತಾಕಿತು.

ಉಳಿದ ಐದು ಜನ ಸಖಿಯರಿಗೂ ಅಷ್ಟರೊಳಗೆ ಬ್ಲೌಸು ಹೊಲಿದಿಟ್ಟವನು ಯಾಸೀನನೇ. ಮದುವೆ ಸೀಸನ್ನಿನ ನಡುವೆ, ಊಟ ಬಿಟ್ಟು ಹೊಲಿದಿದ್ದ. ತನಗೊಂದು ಹೊಲಿದುಕೊಳ್ಳುವುದನ್ನು ಮರೆತಿದ್ದ. ಮರುದಿನ ಸಂಜೆ ಐದೂವರೆಗೆ ಬೀರು ತೆಗೆದು ನಿಂತ. ಅವನ ಭುಜಕ್ಕೆ ಆಗುವಂಥದ್ದು ಅಲ್ಲಿ ಒಂದೇ ಒಂದಿತ್ತು, ಸುವರ್ಣಮ್ಮನವರ ಹಸಿರು ಬ್ಲೌಸು. ‘ಒಂದೇ ಸಂಜೆ, ನಾಳೆ ನನ್ನದು ಹೊಲಿದುಕೊಂಡರಾಯಿತು’ ಅಂದುಕೊಂಡ. ರುಕ್ಸಾನ ಮಗಳು ಶಿಫಾಳನ್ನು ಟ್ಯೂಷನ್ನಿನಿಂದ ಕರೆತರಲು ಹೋಗಿದ್ದಳು. ಅವಳು ಅಲ್ಲಿದ್ದಿದ್ದರೆ ಇದು ನಡೆಯುತ್ತಿರಲಿಲ್ಲ.

ಹಾಕಿಕೊಂಡರೆ ಕಂಕುಳಲ್ಲಿ ಹಿಡಿಯಿತು. ಹತ್ತಿ ಇಟ್ಟರೆ ಎದೆಯಲ್ಲೂ ಹಿಡಿಯಿತು. ಟೈಲರಿಗೆ ಬಿಗಿ ಬಟ್ಟೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಬ್ಲೌಸಿನ ಪಕ್ಕದ ಹೊಲಿಗೆಯ ಒಳಗೆ ಎರಡು ಬೆರಳು ಹೆಚ್ಚಿನ ಬಟ್ಟೆ ಬಿಟ್ಟಿರುತ್ತಾರೆ, ಮೈ ಬಂದಾಗ ಬಿಚ್ಚಿಕೊಳ್ಳಲಿ ಎಂದು. ಬ್ಲೇಡು ತೆಗೆದುಕೊಂಡು ಎರಡೂ ಪಕ್ಕ ಸರ್ರನೆ ಬಿಚ್ಚಿದ. ಎದೆಯ ಕೆಳಗೆ ಹಾಕುವ ಸಣ್ಣ ಮಡಿಕೆ, ಟಕ್ಸ್ ಅನ್ನುತ್ತಾರಲ್ಲ, ಅದನ್ನೂ ಬಿಚ್ಚಿ ಸಡಿಲ ಮಾಡಿ ಹೊಸದಾಗಿ ಹೊಲಿದುಕೊಂಡ. ಬಿಚ್ಚಿದವನಿಗೆ ಮತ್ತೆ ಹಾಕುವುದು ಗೊತ್ತಿಲ್ಲವೇ? ಅಷ್ಟು ಧೈರ್ಯ. ಬಿಚ್ಚುವ ಮುಂಚೆ ಮೂರು ಕಡೆ ಟೇಪು ಇಟ್ಟು ನೋಡುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ನೋಡಲಿಲ್ಲ.

ಆ ಸಂಜೆ ಅವನು ಕುಣಿದ ಹಾಗೆ ಯಾವ ದಿನವೂ ಕುಣಿದಿರಲಿಲ್ಲ. ರೇಷ್ಮೆ ತೋಳಿನ ಜರಿ ಅಂಚು ಟ್ಯೂಬ್‌ಲೈಟಿಗೆ ಮಿಂಚುತ್ತಿತ್ತು. ಗೋಡೌನಿನ ಕೊಬ್ಬರಿ ಎಣ್ಣೆ ಘಾಟಿನಲ್ಲಿ ಆರು ಗಂಡಸರು ಹೂವು ಕೊಯ್ಯುವ ಹಾಡಿಗೆ ಸಾಲಾಗಿ ತಿರುಗುತ್ತಿದ್ದರು. ಎರಡನೇ ಚರಣದಲ್ಲಿ ಒಂದು ಗಿರಕಿ ಇದೆ. ಯಾಸೀನನ ಪಕ್ಕದ ಸಖಿ ಯೋಗೀಶ್, ಶಾಲೆಯಿಂದಲೂ ಗೆಳೆಯ, ಗೊಬ್ಬರದ ಅಂಗಡಿ ಇಟ್ಟವನು. ಗಿರಕಿ ಹೊಡೆದ ರಭಸಕ್ಕೆ ಅವನ ಎಡಗಡೆಯ ಹತ್ತಿ ಜಾರಿ ಹೊಟ್ಟೆಗೆ ಬಂತು. ಯಾಸೀನ್ ಹಾಡು ನಿಲ್ಲಿಸದೆ, ಮುಖದ ನಗು ಕೆಡಿಸದೆ, ಮೊಣಕೈಯಿಂದ ಅದನ್ನು ಮೇಲಕ್ಕೆ ತಳ್ಳಿದ. ತಬಲಾದವನು ಬಿದ್ದು ಬಿದ್ದು ನಕ್ಕ. ಮೇಷ್ಟ್ರು ಬೈಯುತ್ತಾರೆಂದುಕೊಂಡರೆ ಅವರಿಗೂ ನಗು ತಡೆಯಲಾಗಲಿಲ್ಲ.

“ಇರ್ಲಿ, ಇದು ಇರ್ಲಿ. ದಿನಾ ಜಾರ್‍ಬೇಕು, ದಿನಾ ತಳ್ಬೇಕು. ಜನ ಶಿಳ್ಳೆ ಹೊಡೀತಾರೆ.”

ಹಾಗೆ ಒಂದು ಸಂಜೆಯ ಬ್ಲೌಸು ಐದು ಸಂಜೆಯದಾಯಿತು. ನಾಳೆ ಹೊಲಿದುಕೊಳ್ಳುತ್ತೇನೆ ಎನ್ನುವ ನಾಳೆ ಬರಲೇ ಇಲ್ಲ. ದಿನವೂ ಅದನ್ನು ಚೀಲಕ್ಕೆ ತುರುಕಿ ಮಿಷನ್ನಿನ ಕೆಳಗೆ ಇಡುತ್ತಿದ್ದ. ಯೋಗೀಶ್ ಆ ಗಿರಕಿಯನ್ನು ತಾಲೀಮು ನೋಡಲು ಬಂದ ಹುಡುಗನೊಬ್ಬನ ಕೈಲಿ ಮೊಬೈಲಿನಲ್ಲಿ ಹಿಡಿಸಿ ಸ್ಟೇಟಸ್ಸಿಗೆ ಹಾಕಿಕೊಂಡ. ಅದು ತಿಪಟೂರಿನ ಗುಂಪುಗಳಲ್ಲೆಲ್ಲ ಓಡಾಡತೊಡಗಿತು.

ಸುವರ್ಣಮ್ಮ ಬಂದದ್ದು ಗುರುವಾರ ಮಧ್ಯಾಹ್ನ. ರುಕ್ಸಾನ ಊಟಕ್ಕೆ ಹೋಗಿದ್ದಳು. ಯಾಸೀನ್ ಮೊದಲು ಗುರುತೇ ಹಿಡಿಯಲಿಲ್ಲ. ಮುಖ ಇಳಿದಿತ್ತು, ಸೆರಗನ್ನು ಎರಡು ಸುತ್ತು ಹೊದ್ದು ಎಡಗೈಯಲ್ಲಿ ಒತ್ತಿ ಹಿಡಿದಿದ್ದರು. ಕೂತು, ಬೀದಿಯ ಕಡೆ ಒಮ್ಮೆ ನೋಡಿ, ಪರದೆ ಸ್ವಲ್ಪ ಎಳಿ ಅಂದರು.

“ನಿಮ್ಮಪ್ಪನ ಕಾಲದಿಂದ ಬತ್ತಿದೀನಿ. ನಿನ್ ತಾವ ಹೇಳಕ್ಕೆ ನಂಗೆ ಸಂಕೋಚ ಇಲ್ಲ ಕಣಪ್ಪ. ಏಳು ತಿಂಗಳಾಯ್ತು, ಬೆಂಗಳೂರಲ್ಲಿ ಆಪರೇಷನ್ ಆಯ್ತು. ಎಡಗಡೇದು ತೆಗೆದುಬುಟ್ರು.”

ಯಾಸೀನ್ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟ.

“ಮನೇವ್ರನ್ನ ಬುಟ್ರೆ ಯಾರ್‍ಗೂ ಹೇಳಿಲ್ಲ. ಈಗ ನನ್ ತಮ್ಮನ ಮಗಳು ವರ್ಷಿಣಿ ಮದುವೆ. ಹೋಗ್ದೇ ಇರಕ್ಕಾಗಲ್ಲ. ಹೋದ್ರೆ ಜನ ಮೊದ್ಲು ಮುಖ ನೋಡಲ್ಲ ಯಾಸೀನ್, ನಿಂಗೇ ಗೊತ್ತು. ಐದೂ ಬ್ಲೌಸ್‌ಗೂ ಎಡಗಡೆ ಒಳಗೆ ಹತ್ತಿ ಇಟ್ಟು ಹೊಲ್ಕೊಡು. ಎಷ್ಟು ಇಡ್ಬೇಕು, ಎಲ್ಲೀಗಂಟ ಬರ್‍ಬೇಕು ಅನ್ನೋದು ನನ್ ಮೈ ಈಗ ಹೇಳಲ್ಲ. ಆ ಹಸಿರು ಬ್ಲೌಸು ಹೇಳ್ತೈತೆ. ಆಸ್ಪತ್ರೆಗೆ ಹೋಗೋ ದಿನ ಹಾಕ್ಕಂಡಿದ್ದು ಅದೇ. ಮಿಕ್ಕಿದ್ದೆಲ್ಲ ಬೇಜಾರಾಗಿ ಕೊಟ್ಬುಟ್ಟೆ. ಅದೊಂದು ಉಳ್ಕಂಡೈತೆ. ಎಲ್ಲೈತೆ, ತೋರ್‍ಸು ನೋಡಾನ.”

ಬ್ಲೌಸು ಯಾಸೀನನ ಕಾಲಿನ ಹತ್ತಿರವೇ ಇತ್ತು, ಚೀಲದಲ್ಲಿ, ಹಿಂದಿನ ದಿನದ ಬೆವರಿನ ಸಮೇತ. ಅವನ ಪಾದ ಅದಕ್ಕೆ ತಾಗುತ್ತಿತ್ತು.

“ಮನೇಲಿದೆ ಅಕ್ಕ. ರೇಷ್ಮೆ ಅಲ್ವಾ, ಜೋಪಾನವಾಗಿರ್ಲಿ ಅಂತ ಮನೇಲಿಟ್ಟಿದೀನಿ” ಅಂದ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

“ಒಳ್ಳೇದಾಯ್ತು ಬುಡು” ಎಂದು ಸುವರ್ಣಮ್ಮ ಎದ್ದರು. ಬಾಗಿಲಲ್ಲಿ ತಿರುಗಿ, “ನಿನ್ನೊಬ್ಬನ್ ಮೇಲೆ ಬಿಟ್ಟಿದೀನಿ ಕಣಪ್ಪ” ಎಂದು ಹೇಳಿ ಹೋದರು. ಅವರು ಹೋದ ಮೇಲೆ ಯಾಸೀನ್ ಪರದೆ ಸರಿಸಲಿಲ್ಲ. ಐದು ಸಂಜೆ ತಾನು ಮೊಣಕೈಯಲ್ಲಿ ತಳ್ಳಿ ನಗಿಸಿದ್ದು ಏನನ್ನು ಎಂದು ನೆನೆದು ಅವನಿಗೆ ಮೈಯೆಲ್ಲ ಹಿಡಿಯಷ್ಟಾಯಿತು.

ಆಮೇಲೆ ಚೀಲ ಎಳೆದು ಬ್ಲೌಸನ್ನು ತಿರುವಿ ಹಾಕಿ ನೋಡಿದ. ಒಳಗೆ ಪಕ್ಕದಲ್ಲಿ ಹಳೆಯ ಸೂಜಿ ತೂತುಗಳ ಗೆರೆ ಇರುತ್ತದೆ, ಅದರ ಮೇಲೇ ಮತ್ತೆ ಹೊಲಿದರಾಯಿತು ಎಂಬ ನಂಬಿಕೆ ಅವನದು. ಗೆರೆ ಇತ್ತು. ಒಂದಲ್ಲ, ಮೂರು. ಮೈ ಬಂದಾಗ ಬಿಚ್ಚಿ, ಇಳಿದಾಗ ಹಿಡಿದು, ಒಂದೊಂದು ವರ್ಷಕ್ಕೆ ಒಂದೊಂದು ಗೆರೆ. ಅವನ್ನು ಹಾಕಿದ್ದವನೂ ಯಾಸೀನನೇ. ಆಸ್ಪತ್ರೆಗೆ ಹೋಗುವ ದಿನ ಅವರ ಮೈಮೇಲೆ ಇದ್ದದ್ದು ಯಾವುದು? ಮೊದಲನೆಯದೋ, ನಡುವಿನದೋ, ಕೊನೆಯದೋ? ಟಕ್ಸ್ ಇದ್ದ ಜಾಗದಲ್ಲಿ ಬೆವರಿಗೂ ಇಸ್ತ್ರಿಗೂ ತೂತುಗಳೇ ಮುಚ್ಚಿಹೋಗಿದ್ದವು. ಎದೆಯ ಭಾಗ ಅವನ ಹತ್ತಿಯ ಆಕಾರಕ್ಕೆ ಹಿಗ್ಗಿತ್ತು. ಆ ಹೆಂಗಸಿನ ಹಳೆಯ ಮೈಯ ಗುರುತು ಲೋಕದಲ್ಲಿ ಒಂದೇ ಒಂದು ಕಡೆ ಉಳಿದಿತ್ತು. ಅದನ್ನು ಅವನು ಬ್ಲೇಡಿನಲ್ಲಿ ಬಿಚ್ಚಿ ಹಾಕಿದ್ದ.

ರುಕ್ಸಾನಳಿಗೆ ಗೊತ್ತಾಗಲು ಒಂದು ದಿನವೂ ಬೇಕಾಗಲಿಲ್ಲ. ಹಸಿರು ಬ್ಲೌಸಿನ ಕುತ್ತಿಗೆ ಪಟ್ಟಿಯಲ್ಲಿ ಮುಖದ ಬಣ್ಣ ಮೆತ್ತಿತ್ತು. ಅವಳು ಅದನ್ನು ಉಗುರಲ್ಲಿ ಕೆರೆದು, ಗಂಡನ ಮುಖ ನೋಡಿ, ಮೊಬೈಲ್ ತೆಗೆದು ಯೋಗೀಶನ ವೀಡಿಯೊ ಹಚ್ಚಿದಳು. ಯಾಸೀನ್ ಎಲ್ಲವನ್ನೂ ಹೇಳಿದ. ಅವಳು ಅರಚಲಿಲ್ಲ, ಅದೇ ಅವನಿಗೆ ಹೆಚ್ಚು ಕಷ್ಟವಾಯಿತು.

“ಹೋಗಿ ಹೇಳಿ. ಅವರು ಇದನ್ನ ನೋಡೋಕೆ ಮುಂಚೆ ಹೋಗಿ ಹೇಳಿ.”

“ಏನಂತ ಹೇಳ್ಲಿ?”

“ನನಗೆ ಹೇಳಿದ್ದನ್ನೇ.”

ಅವನು ಹೋಗಲಿಲ್ಲ. ಎರಡು ಸಂಜೆ ತಾಲೀಮನ್ನೂ ಬಿಟ್ಟು ಕೂತು ಹೊಲಿದ. ಮೂರು ಗೆರೆಗಳಲ್ಲಿ ನಡುವಿನದನ್ನು ಹಿಡಿದ, ಯಾಕೆಂದರೆ ತಪ್ಪಿದರೂ ತುಂಬ ತಪ್ಪುವುದಿಲ್ಲ ಎಂದು. ಅಂದಾಜಿನ ಮೇಲೆ ಐದು ಬ್ಲೌಸು ಕತ್ತರಿಸಿದ, ಅಂದಾಜಿನ ಮೇಲೆ ಹತ್ತಿ ಇಟ್ಟ. ಕೈಗೆ ಹದಿನೆಂಟು ವರ್ಷದ ಅಭ್ಯಾಸವಿತ್ತು, ಹೊಲಿಗೆಯಲ್ಲಿ ಒಂದೂ ದೋಷವಿರಲಿಲ್ಲ. ಒಂದೊಂದನ್ನು ಮಡಿಸಿಡುವಾಗಲೂ ತಾನು ಮೋಸವನ್ನು ಚೆನ್ನಾಗಿ ಇಸ್ತ್ರಿ ಮಾಡಿ ಕೊಡುತ್ತಿದ್ದೇನೆ ಅನ್ನಿಸಿತು. ಹಸಿರು ಬ್ಲೌಸನ್ನೂ ಒಗೆದು, ಬಣ್ಣ ತೆಗೆದು, ನಡುವಿನ ಗೆರೆಗೇ ಹೊಲಿದ.

ಶನಿವಾರ ಸಂಜೆ ತಾಲೀಮಿಗೆ ಹಳೆಯ ಸೀರೆಯ ತುಂಡಲ್ಲಿ ಅವಸರಕ್ಕೆ ಹೊಲಿದುಕೊಂಡ ತನ್ನದೇ ಬ್ಲೌಸು ಹಾಕಿಕೊಂಡು ಹೋದ. ನಾಟಕಕ್ಕೆ ಇನ್ನು ಎಂಟು ದಿನ. ಎರಡನೇ ಚರಣ ಬಂತು. ಯೋಗೀಶ್ ಗಿರಕಿ ಹೊಡೆದ, ಹತ್ತಿ ಜಾರಿಸಿದ, ಕಾದ. ಯಾಸೀನನ ಮೊಣಕೈ ಮೇಲೇಳಲಿಲ್ಲ. ಯೋಗೀಶ್ ಇನ್ನೊಂದು ಸುತ್ತು ತಿರುಗಿ ಮತ್ತೆ ಹತ್ತಿರ ಬಂದ. ಆಗಲೂ ಏಳಲಿಲ್ಲ. ಹಾರ್ಮೋನಿಯಂ ನಿಂತಿತು.

“ಏನಯ್ಯಾ ಆಯ್ತು ನಿನಗೆ?” ಮೇಷ್ಟ್ರು ಕೇಳಿದರು.

“ಅದು ಬೇಡ ಮೇಷ್ಟ್ರೇ. ತೆಗೆದುಬಿಡಿ.”

“ಲೇ, ಇಡೀ ಊರೇ ಅದನ್ನ ನೋಡಕ್ಕೆ ಬತ್ತೈತೆ ಕಣ್ಲಾ!” ಎಂದ ಯೋಗೀಶ್. “ಆರು ಸಾವಿರ ಜನ ನೋಡವ್ರೆ ವೀಡಿಯೊನ.”

“ಯಾಕೆ ಬೇಡ, ಅದನ್ನ ಹೇಳು” ಅಂದರು ಮೇಷ್ಟ್ರು.

ಯಾಸೀನ್ ಬಾಯಿ ತೆರೆದ. ಸುವರ್ಣಮ್ಮನ ವಿಷಯ ಹೇಳುವಂತಿಲ್ಲ. ಒಂದು ಅಮಾನತ್ತು ಹಾಳುಮಾಡಿದ್ದು ಸಾಲದೆ ಇನ್ನೊಂದನ್ನೂ ಹಾಳುಮಾಡಲೇ? “ನನ್ ಕೈ ಹೋಗಲ್ಲ ಮೇಷ್ಟ್ರೇ” ಎಂದಷ್ಟೇ ಅಂದ.

ಚಿಕ್ಕರಂಗಯ್ಯನವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡರು. “ಕೈ ಹೋಗ್ದೇ ಇದ್ದದ್ದನ್ನ ಮಾಡ್ಸಿದ್ರೆ ಜನಕ್ಕೆ ನಗು ಬರಲ್ಲ. ತೆಗೀರಿ ಅದನ್ನ. ಯೋಗೀಶ, ಹತ್ತಿನ ಗಟ್ಟಿಯಾಗಿ ಕಟ್ಕೊ. ಮೊದಲಿಂದ ಹಾಡಿ.” ಅಷ್ಟು ಸುಲಭವಾಗಿ ಮುಗಿಯಿತು. ಇಷ್ಟು ಸುಲಭದ್ದನ್ನು ಮಾಡಲು ಗುರುವಾರದಿಂದ ಒದ್ದಾಡಿದೆನಲ್ಲ ಎಂದು ಯಾಸೀನ್ ತನ್ನನ್ನೇ ಬೈದುಕೊಂಡ. ಸುಲಭವಲ್ಲದ್ದು ಇನ್ನೂ ಹಾಗೇ ಉಳಿದಿತ್ತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಆರು ಬ್ಲೌಸು ಹಿಡಿದು ಹಾಲ್ಕುರಿಕೆ ರಸ್ತೆಯ ಮನೆಗೆ ಹೋದ. ಐದು ಹೊಸವು, ಒಂದು ಹಸಿರು. ದಾರಿಯುದ್ದಕ್ಕೂ, ಬ್ಲೌಸು ಕೊಟ್ಟು ಬಂದುಬಿಡುವುದೋ, ಹೇಳಿ ಬರುವುದೋ ಎಂದು ಅವನ ಮನಸ್ಸು ಇತ್ತ ಒಂದು ಸಲ ಅತ್ತ ಒಂದು ಸಲ ವಾಲುತ್ತಿತ್ತು. ಮಲ್ಲಿಕಾರ್ಜುನಯ್ಯ ತೋಟಕ್ಕೆ ಹೋಗಿದ್ದರು. ಪುಟ್ಟಗಂಗಮ್ಮ ಹೊರಗೆ ಪಾತ್ರೆ ತೊಳೆಯುತ್ತಿದ್ದಳು. ಸುವರ್ಣಮ್ಮ ಹೊಸ ಬ್ಲೌಸುಗಳನ್ನು ತೆಗೆದುಕೊಂಡು ಒಳಗೆ ಹೋದರು. ಯಾಸೀನ್ ಪಡಸಾಲೆಯ ಬೆಂಚಿನ ತುದಿಯಲ್ಲಿ, ಹಸಿರು ಬ್ಲೌಸಿನ ಪೊಟ್ಟಣ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಒಳಗಿನಿಂದ ಬೀರುವಿನ ಬಾಗಿಲ ಸದ್ದು ಕೇಳಿತು.

ಅವರು ಹೊಸ ಬ್ಲೌಸೊಂದನ್ನು ತೊಟ್ಟು ಹೊರಗೆ ಬಂದಾಗ ಸೆರಗು ಒಂದೇ ಸುತ್ತಿತ್ತು. ಎಡಗೈ ಎದೆಯನ್ನು ಬಿಟ್ಟು ಕೆಳಗಿಳಿದಿತ್ತು. ಬೆನ್ನು ನೆಟ್ಟಗಾಗಿತ್ತು.

“ಏಳು ತಿಂಗಳಿಂದ ಕನ್ನಡಿ ಮುಂದೆ ನಿಂತಿರ್ಲಿಲ್ಲ ಕಣಪ್ಪ” ಅಂದರು. ಕಣ್ಣು ತುಂಬಿತ್ತು, ಆದರೂ ನಗುತ್ತಿದ್ದರು, ಹಳೆಯ ನಗುವೇ. “ಇವತ್ತು ನಿಂತೆ. ನಾನೇ ಕಣೋ ಅದು. ಒಂದು ನೂಲೂ ಹೆಚ್ಚು ಕಮ್ಮಿ ಇಲ್ಲ. ನನ್ ಅಳತೆ ನನಗೆ ವಾಪಸ್ ಕೊಟ್ಟೆ. ನಿಮ್ಮಪ್ಪ ಇದ್ದಿದ್ರೆ ನಿನ್ ಬೆನ್ನು ತಟ್ಟೋನು.”

ಸುಮ್ಮನೆ ತಲೆ ಆಡಿಸಿ ಎದ್ದು ಬಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆಕೆ ಸಂತೋಷವಾಗಿದ್ದರು, ಮದುವೆಗೆ ಹೋಗಿ ಬರುತ್ತಿದ್ದರು, ಯಾರಿಗೂ ಏನೂ ನಷ್ಟವಿರಲಿಲ್ಲ. ಯಾಸೀನ್ ಅದನ್ನೂ ಯೋಚಿಸಿದ. ಆದರೆ ಬೈಗುಳವನ್ನು ತಡೆದುಕೊಳ್ಳಲು ಸಿದ್ಧವಾಗಿ ಬಂದಿದ್ದವನಿಗೆ ಆ ಹೊಗಳಿಕೆಯನ್ನು ತಡೆದುಕೊಳ್ಳಲು ಆಗಲಿಲ್ಲ.

“ಅಕ್ಕ, ಅದು ನಿಮ್ ಅಳತೆ ಅಲ್ಲ” ಅಂದ.

ಒಂದಾದ ಮೇಲೆ ಒಂದು ಎಲ್ಲ ಹೇಳಿದ. ಬ್ಲೌಸು ತೊಟ್ಟದ್ದು, ಬ್ಲೇಡಿನಲ್ಲಿ ಬಿಚ್ಚಿದ್ದು, ಅಳೆಯದೇ ಬಿಚ್ಚಿದ್ದು, ಮೂರು ಗೆರೆ ಇದ್ದದ್ದು, ನಡುವಿನದನ್ನು ಹಿಡಿದದ್ದು, ಮನೆಯಲ್ಲಿದೆ ಎಂದು ಸುಳ್ಳು ಹೇಳಿದಾಗ ಕಾಲ ಬಳಿಯೇ ಇದ್ದದ್ದು. ಕೊನೆಗೆ ಹತ್ತಿ ಜಾರಿಸಿ ನಗಿಸಿದ ವೀಡಿಯೊದ ಸಂಗತಿಯನ್ನೂ ಹೇಳಿದ. ಹೇಳುವಾಗ ಅವರ ಕಾಲಬೆರಳಿನ ಉಂಗುರಗಳನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಸುವರ್ಣಮ್ಮನ ಎಡಗೈ ನಿಧಾನವಾಗಿ ಮೇಲೆ ಬಂದು ಮತ್ತೆ ಸೆರಗನ್ನು ಒತ್ತಿ ಹಿಡಿಯಿತು.

“ಆ ವೀಡಿಯೊ ನಾನೂ ನೋಡ್ದೆ” ಅಂದರು. “ನಮ್ಮನೆಯವ್ರು ತೋರ್‍ಸಿದ್ರು. ಸುಮಾರು ದಿನ ಆದ್ಮೇಲೆ ಅವತ್ತೇ ನಾನು ನಕ್ಕಿದ್ದು. ಹಸಿರು ಬ್ಲೌಸು ಆ ಗಂಡಸಿಗೆ ಏನ್ ಚೆಂದ ಕೂತೈತೆ ಅಂತ ಅಂದೆ. ಬಣ್ಣ ಬಳ್ಕಂಡಿದ್ದಕ್ಕೆ ಅದು ನೀನು ಅಂತಾನೂ ಗೊತ್ತಾಗ್ಲಿಲ್ಲ, ಬ್ಲೌಸು ನಂದು ಅಂತಾನೂ ಗೊತ್ತಾಗ್ಲಿಲ್ಲ ನೋಡು.”

ಅಂದರೆ ಅವರು ನೋಡಿಯೂ ಆಗಿತ್ತು, ನಕ್ಕೂ ಆಗಿತ್ತು. ಯಾಸೀನ್ ಬಾಯಿ ಬಿಡದಿದ್ದರೆ ಅವರಿಗೆ ಎಂದಿಗೂ ಗೊತ್ತಾಗುತ್ತಿರಲಿಲ್ಲ.

ಅವರು ತಮ್ಮ ಮೈಮೇಲಿನ ಹೊಸ ಬ್ಲೌಸಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು, ಬೇರೆ ಯಾರದೋ ಬಟ್ಟೆ ಅನ್ನುವಂತೆ ನೋಡಿಕೊಂಡರು.

“ಹಂಗಾರೆ ಇದು ಯಾರ ಅಳತೆ?”

“ಗೊತ್ತಿಲ್ಲ ಅಕ್ಕ.”

ಅದು ಸತ್ಯವಾಗಿತ್ತು. ಅರ್ಧ ಅವರದು, ಅರ್ಧ ಅವನ ಹತ್ತಿಯದು, ಮಿಕ್ಕಿದ್ದು ಅವನ ಅಂದಾಜಿನದು. ಹೊರಗೆ ಪುಟ್ಟಗಂಗಮ್ಮ ಪಾತ್ರೆ ಉಜ್ಜುವುದನ್ನು ನಿಲ್ಲಿಸಿದ್ದಳು. ಸುವರ್ಣಮ್ಮ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಯಾಸೀನ್ ಅವರ ಕಾಲು ಹಿಡಿಯಬಹುದಿತ್ತು. ಅದಕ್ಕೂ ಅವರು ಅವಕಾಶ ಕೊಡಲಿಲ್ಲ.

“ಮೂರು ಗೆರೆ ಇತ್ತು ಅಂದ್ಯಲ್ಲ” ಎಂದರು ಕೊನೆಗೆ. “ನಂಗೂ ಗೊತ್ತಿಲ್ಲ ಕಣಪ್ಪ, ಯಾವ್ದು ಅಂತ. ನನ್ ಮೈ ಹೆಂಗಿತ್ತು ಅನ್ನೋದು ನಂಗೇ ಮರ್‍ತೋಗೈತೆ. ನೀನು ಸುಳ್ಳು ಕೊಟ್ಟೆ, ನಾನು ಅದನ್ನೇ ನಿಜ ಅಂದ್ಕಂಡು ಕುಣಿದಾಡ್ದೆ.”

“ಅಕ್ಕ…”

“ಸಾಕು ಬುಡು. ಹಸಿರುದನ್ನ ಇಲ್ಲೇ ಇಟ್ಟು ಹೋಗು. ಇನ್ಮೇಲೆ ಅಳತೆ ಬ್ಲೌಸು ಕಳಿಸಲ್ಲ. ಮಧ್ಯಾಹ್ನದ ಮೇಲೆ ರುಕ್ಸಾನನ್ನ ಟೇಪು ತಗಂಡು ಬರೋಕೆ ಹೇಳು. ಇರೋ ಮೈಯನ್ನೇ ಅಳೀಲಿ.” ಎದ್ದು ಒಳಗೆ ಹೋಗುತ್ತ, ತಿರುಗದೆ ಹೇಳಿದರು, “ನೀನು ಬರ್‍ಬೇಡ.”

ರುಕ್ಸಾನ ಮೂರು ಗಂಟೆಗೆ ಹೋದವಳು ಬಂದದ್ದು ಐದು ದಾಟಿದ ಮೇಲೆ. ಅಷ್ಟು ಹೊತ್ತು ಟೇಪು ಹಿಡಿಯಲು ಬೇಕಿಲ್ಲ, ಯಾಸೀನನಿಗೆ ಗೊತ್ತು. ಅವಳ ಕಣ್ಣ ರೆಪ್ಪೆ ಊದಿತ್ತು. ಕೈಯಲ್ಲಿ ಶಿಫಾಳ ಹಳೆಯ ನೋಟ್‌ಬುಕ್ ಇತ್ತು, ಅದರ ಮೊದಲ ಖಾಲಿ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಏನೋ ಬರೆದಿತ್ತು. ಅವಳು ಮೇಜು ಒರೆಸಿ, ಸುವರ್ಣಮ್ಮ ಕೊಟ್ಟ ಹೊಸ ಬಟ್ಟೆ ಹರಡಿ, ನೋಟ್‌ಬುಕ್ಕನ್ನು ಪಕ್ಕದಲ್ಲಿ ತೆರೆದಿಟ್ಟು, ಕತ್ತರಿ ಕೈಗೆ ತೆಗೆದುಕೊಂಡಳು. ಮದುವೆಯಾದಾಗಿನಿಂದ ಆ ಕತ್ತರಿಯನ್ನು ಅವನು ಬೇರೆ ಯಾರ ಕೈಗೂ ಕೊಟ್ಟಿರಲಿಲ್ಲ. ಈಗ ಕೇಳಲೂ ಇಲ್ಲ ಅವಳು.

ತಾಲೀಮಿಗೆ ಹೊತ್ತಾಗಿತ್ತು. ಮೊಬೈಲಿನಲ್ಲಿ ಯೋಗೀಶ್ ಎರಡು ಸಲ ಕರೆದಿದ್ದ. ಯಾಸೀನ್ ಎದ್ದು ಮೇಜಿನ ಹತ್ತಿರ ಬಂದ. “ಕೊಡು, ಟಕ್ಸ್ ಎಲ್ಲಿ ಬರುತ್ತೆ ನೋಡಿ ಹೇಳ್ತೀನಿ. ನಿನಗೆ ಅದು ಕಷ್ಟ” ಎಂದು ಬಗ್ಗಿದ.

ರುಕ್ಸಾನ ನೋಟ್‌ಬುಕ್ಕನ್ನು ಮುಚ್ಚಿ ಅದರ ಮೇಲೆ ಅಂಗೈ ಇಟ್ಟಳು.

“ನಿಮಗೆ ತೋರಿಸಬಾರದು ಅಂತ ಅಕ್ಕ ನನ್ನ ಹತ್ತಿರ ಮಾತು ತಗೊಂಡಿದಾರೆ” ಅಂದಳು.